ಬಾಗಿಲಿಗೆ ತುಂಬಿದ ಹತ್ತಿ

ಕಣ್ಣಿನ ಡಾಕ್ಟರು ನನ್ನ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡರು. "ಯಜಮಾನ್ರೇ, ಇನ್ನು ಮೇಲೆ ನೀವು ಪಕ್ಕದ ಸೀಟು," ಎಂದರು. ಪಕ್ಕದ ಸೀಟಿನಲ್ಲಿ ಕೂರುವುದಕ್ಕೂ ಒಂದು ವಿದ್ಯೆ ಬೇಕು ಅಂತ ಆಗ ನನಗೆ ಗೊತ್ತಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಕೈಗೆ ಹತ್ತಿದ ವಿದ್ಯೆಯೆಂದರೆ ಹಾಸಿಗೆ ಹೊಲಿಯುವುದು, ಸೋಫಾ ಕಟ್ಟುವುದು, ಕಾರಿನ ಸೀಟಿಗೆ ಕವರು ಹಾಕುವುದು. ಸುಮ್ಮನೆ ಕೂರುವುದನ್ನು ಯಾರೂ ಕಲಿಸಿರಲಿಲ್ಲ.

ಹಾಗೆ ನೋಡಿದರೆ ನಾನು ಮಾತು ಕಡಿಮೆಯವನೇ. ಅಂಗಡಿಯಲ್ಲಿ ಬಾಯಲ್ಲಿ ದಾರ ಕಚ್ಚಿಕೊಂಡು ಕೂತರೆ ಊಟದ ಹೊತ್ತಿಗೇ ಬಾಯಿ ಬಿಡುತ್ತಿದ್ದುದು. ಆದರೆ ಮನೆಯವಳು ಕಾರು ಕಲಿಯುವುದಕ್ಕೆ ಹೊರಟಳಲ್ಲ, ಜೀವಮಾನವಿಡೀ ಕೂಡಿಟ್ಟ ಮಾತೆಲ್ಲ ಒಂದೇ ಸಲ ಹೊರಬಿತ್ತು. "ಬ್ರೇಕು ಹಾಕು, ನಾಯಿ ಬಂತು!" ಎಂದು ಕಿರುಚಿದೆ ಒಂದು ದಿನ. ಅವಳು ಗಕ್ಕನೆ ನಿಲ್ಲಿಸಿ, ಇಳಿದು ಹೋಗಿ, ಅದನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಹಾಕಿದಳು. ಕಪ್ಪು ಪ್ಲಾಸ್ಟಿಕ್ ಚೀಲ.

"ಸಾಕಿಕೊಳ್ಳಿ," ಎಂದಳು.

ಅವಳು ಈ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟಿದ್ದು ಶೋಕಿಗಲ್ಲ. ಅವಳ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಮಂಡಿಯ ಆಪರೇಷನ್ ಆಗಿತ್ತು. ವಾರವಾರ ಆಸ್ಪತ್ರೆಗೆ ಹೋಗಿ ಕಾಲು ಮಡಚುವುದನ್ನು ಅಭ್ಯಾಸ ಮಾಡಬೇಕು. ಬಾಡಿಗೆ ಗಾಡಿಯವರು "ಬೇಗ ಹತ್ತಮ್ಮ" ಎಂದು ಅವಸರ ಮಾಡಿ, ಮಡಚಲಾಗದ ಕಾಲನ್ನು ಹಿಂದಿನ ಸೀಟಿಗೆ ತುರುಕಿಸಿ ಕೂರಿಸುತ್ತಿದ್ದರು. ಅತ್ತಿಗೆ ಆಸ್ಪತ್ರೆ ತಲುಪುವ ಹೊತ್ತಿಗೆ ಅತ್ತು ಮುಗಿಸಿರುತ್ತಿದ್ದಳು. ನಮ್ಮ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಕಾಲು ಚಾಚಿ ಕೂರಬಹುದು. ಕಾರಿತ್ತು, ಸೀಟಿತ್ತು, ಲೈಸೆನ್ಸ್ ಇದ್ದ ಡ್ರೈವರ್ ಇರಲಿಲ್ಲ.

ಮೊದಲನೇ ಸಲದ ಪರೀಕ್ಷೆಯಲ್ಲಿ ಇವಳು ಫೇಲಾದಳು. ಕಾರಣ ಹೇಳಿಯೇಬಿಡುತ್ತೇನೆ. ಇವಳು ಕಾರು ಹಿಂದಕ್ಕೆ ತೆಗೆಯುವಾಗ ನಾನು ಬೇಲಿಯ ಆಚೆಯಿಂದ "ಎಡಕ್ಕೆ! ಎಡಕ್ಕೆ!" ಎಂದು ಕೂಗಿದೆ. ಇವಳು ಎಡಕ್ಕೆ ತಿರುಗಿಸಿದಳು. ಕಂಬ ಎಡಕ್ಕೇ ಇತ್ತು.

ಮನೆಗೆ ಬಂದು ಅವಳು ಅಳಲಿಲ್ಲ, ಬೈಯಲಿಲ್ಲ. "ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕಾರು ಮಾರಿಬಿಡೋಣ. ಅಕ್ಕನ ಹಣೆಬರಹ ಅಂದ್ಕೊಳ್ತೀನಿ," ಎಂದಳು. ಬೈದಿದ್ದರೇ ವಾಸಿಯಿತ್ತು.

ನನ್ನ ಬಾಯಿಗೆ ಏನಾದರೂ ಮಾಡಲೇಬೇಕು ಎನಿಸಿತು. ಒಳ್ಳೆಯ ಹಾಡು ಕೇಳಿದರೆ ನಾನು ತೆಪ್ಪಗಿರುತ್ತೇನೆ, ಅದು ನನಗೇ ಗೊತ್ತು. ಆದರೆ ಕಾರಿನ ಜೊತೆ ಕಂಪನಿಯವರೇ ಕೊಟ್ಟ ಸ್ಟೀರಿಯೋ ಒಂದು ಇತ್ತಲ್ಲ, ಅದರಲ್ಲಿ ಗಂಡಸು ಹಾಡಲಿ ಹೆಂಗಸು ಹಾಡಲಿ, ಡಬ್ಬದೊಳಗೆ ಸಿಕ್ಕಿಬಿದ್ದ ನೊಣ ಹಾಡಿದಂತೆಯೇ ಕೇಳುತ್ತಿತ್ತು. ಹೊಸದು ಹಾಕಿಸಿದರೆ ನಾನು ಹಾಡು ಕೇಳುತ್ತ ಕೂರುತ್ತೇನೆ, ಅವಳು ನೆಮ್ಮದಿಯಾಗಿ ಅಭ್ಯಾಸ ಮಾಡುತ್ತಾಳೆ. ಇಷ್ಟು ಬುದ್ಧಿ ನನಗಿದೆಯಲ್ಲ ಎಂದು ಒಳಗೊಳಗೇ ಬೀಗಿದೆ.

ಸ್ಟೀರಿಯೋ ಅಂಗಡಿಯವನು ಒಳ್ಳೆಯ ಮನುಷ್ಯ. "ಕಾರು ತಗೊಂಬನ್ನಿ ಯಜಮಾನ್ರೇ, ಫಿಟ್ಟಿಂಗ್ ನಾವೇ ಮಾಡ್ಕೊಡ್ತೀವಿ," ಎಂದ.

"ತರೋಕಾಗಲ್ಲಪ್ಪ. ಓಡಿಸೋಳು ಇನ್ನೂ ಪಾಸಾಗಿಲ್ಲ, ಓಡಿಸ್ತಿದ್ದೋನು ಫೇಲಾಗಿದ್ದಾನೆ."

"ಮತ್ತೆ ಹಾಕೋರು ಯಾರು?"

"ನಾನೇ."

ಅವನು ನನ್ನ ದಪ್ಪ ಕನ್ನಡಕವನ್ನು ನೋಡಿದ. ನಾನು ಎದೆ ಉಬ್ಬಿಸಿ, "ಕಾರಿನ ಬಾಗಿಲಿಗೆ ರೆಕ್ಸಿನ್ ಹೊದಿಸಿದ ಕೈ ಇದು. ನೀನು ಹುಟ್ಟೋ ಮುಂಚೆ ಬಾಗಿಲು ಬಿಚ್ಚಿದ್ದೀನಿ," ಎಂದೆ. ಸುಳ್ಳಲ್ಲ. ಬಾಗಿಲಿನ ಒಳಮೈಯ ಹಲಗೆಯನ್ನು ಎಷ್ಟೋ ಸಲ ಬಿಚ್ಚಿದ್ದೆ, ಹೊದಿಸಿದ್ದೆ, ಮತ್ತೆ ಕೂರಿಸಿದ್ದೆ. ಆ ಹಲಗೆಯ ಹಿಂದೆ ಏನಿದೆ ಎಂದು ಮಾತ್ರ ಇಣುಕಿ ನೋಡಿದವನಲ್ಲ. ನನಗೆ ಬೇಕಾದದ್ದು ಹೊರಗಡೆ ಇತ್ತು.

ಅವನು ಹೊಸ ಸ್ಟೀರಿಯೋ, ಮುಂದಿನ ಬಾಗಿಲುಗಳಿಗೆ ಎರಡು ಸ್ಪೀಕರು, ಕೂಡಿಸುವ ವೈರಿನ ಗೊಂಚಲು ಎಲ್ಲ ಕಟ್ಟಿಕೊಟ್ಟು, ಕಪ್ಪಗೆ ಅಂಟಂಟಾದ ಹಾಳೆಯೊಂದನ್ನು ಮುಂದಿಟ್ಟ. "ಬಾಗಿಲಿನ ತಗಡಿಗೆ ಒಳಗಡೆಯಿಂದ ಇದನ್ನ ಅಂಟಿಸಿ. ಇಲ್ಲಾಂದ್ರೆ ತಗಡು ಗಡಗಡ ಅನ್ನುತ್ತೆ."

ನನಗೆ ನಗು ಬಂತು. ಟೊಳ್ಳು ಇದ್ದಲ್ಲಿ ಶಬ್ದ ಇರುತ್ತದೆ, ಟೊಳ್ಳು ತುಂಬಿದರೆ ಶಬ್ದ ಹೋಗುತ್ತದೆ. ಇದನ್ನು ನನಗೆ ಹೇಳಿಕೊಡಬೇಕೇ? ಮನೆಯಲ್ಲಿ ಮೂಟೆಗಟ್ಟಲೆ ಹತ್ತಿ ಬಿದ್ದಿತ್ತು. "ಅದು ಬೇಡ, ನನ್ನ ಹತ್ರ ಅದಕ್ಕಿಂತ ಒಳ್ಳೇದಿದೆ," ಎಂದು ಎದ್ದು ಬಂದೆ.

ಇವಳು ಅಕ್ಕನ ಮನೆಗೆ ಹೋದ ದಿನ ಕೆಲಸಕ್ಕೆ ಕೂತೆ. ಬ್ಯಾಟರಿಯ ವೈರು ಬಿಚ್ಚಿದೆ. ಹಳೆಯ ಸ್ಟೀರಿಯೋದ ಸುತ್ತಲಿನ ಪಟ್ಟಿಯನ್ನು ಎಬ್ಬಿಸುವಾಗ ಒಳಗಿನ ಕ್ಲಿಪ್ಪು ಟಪ್ಪೆಂದು ಮುರಿಯಿತು. ಮುರಿದದ್ದು ಕಾಣದ ಜಾಗದಲ್ಲಿತ್ತಾದ್ದರಿಂದ ಅದು ಮುರಿಯಲಿಲ್ಲ ಎಂದು ತೀರ್ಮಾನಿಸಿದೆ. ವೈರುಗಳ ಬಣ್ಣದ ವಿಷಯದಲ್ಲಿ ನನಗೂ ನನ್ನ ಕಣ್ಣಿಗೂ ಜಗಳವಾಯಿತು. ಬಿಳಿ ಎಂದುಕೊಂಡದ್ದು ಬೂದು, ಬೂದು ಎಂದುಕೊಂಡದ್ದು ಬಿಳಿ. ಎಲ್ಲ ಕೂಡಿಸಿ ಹಾಡು ಹಾಕಿದರೆ ತಬಲದವನು ರಜೆ ಹಾಕಿದಂತಿತ್ತು. ಗಾಯಕರಷ್ಟೇ ಕೆಲಸಕ್ಕೆ ಬಂದಿದ್ದರು. ಒಂದು ಸ್ಪೀಕರಿಗೆ ವೈರು ಅದಲುಬದಲಾಗಿತ್ತು. ಸರಿಮಾಡಿದ ಕೂಡಲೇ ತಬಲದವನು ಧಿಮಿಧಿಮಿ ಎನ್ನುತ್ತ ಬಂದ. ಖುಷಿಗೆ ನನಗೆ ನಾನೇ ಒಂದು ಚಹಾ ಮಾಡಿಕೊಟ್ಟೆ.

ಇನ್ನು ಹತ್ತಿ. ಬಾಗಿಲ ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ, ಅದರ ಹಿಂದೆ ತೂತುಗಳಿದ್ದ ತಗಡು, ತೂತಿನೊಳಗೆ ಕತ್ತಲು. ಕೈ ಹಾಕಿದರೆ ಅಷ್ಟು ಜಾಗ! ಇಷ್ಟು ದೊಡ್ಡ ಕಂಪನಿಯವರು ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಎಂಥ ಸೋಮಾರಿಗಳು ಅಂದುಕೊಂಡೆ. ಹತ್ತಿಯನ್ನು ಬಿಡಿಸಿ ಬಿಡಿಸಿ, ದಿಂಬಿನ ಮೂಲೆ ತುಂಬುವ ಕೋಲಿನಿಂದ ಸಂದುಗೊಂದುಗಳಿಗೆಲ್ಲ ತುರುಕಿದೆ. ನನ್ನ ಕೈಯಲ್ಲಿ ತುಂಬಿಸಿಕೊಂಡ ಹಾಸಿಗೆ ಎಲ್ಲೂ ಗುಳಿ ಬಿದ್ದದ್ದಿಲ್ಲ. ಆ ಬಾಗಿಲುಗಳಲ್ಲೂ ಗುಳಿ ಬಿಡಲಿಲ್ಲ. ತಟ್ಟಿ ನೋಡಿದೆ. ಡಬ್ ಎಂದಿತು, ಮಲಗಬಹುದು ಎನ್ನುವ ಹಾಗೆ.

ಗಾಜು ಕೆಳಗಿಳಿದಾಗ ಎಲ್ಲಿಗೆ ಹೋಗುತ್ತದೆ ಎಂದು ಇಷ್ಟು ವರ್ಷ ಕಾರು ಓಡಿಸಿಯೂ ನಾನು ಒಮ್ಮೆಯೂ ಯೋಚಿಸಿದವನಲ್ಲ. ಅಂದು ಗಾಜುಗಳು ಮೇಲಿದ್ದವು.

ಸಂಜೆ ಇವಳು ಬಂದು ನೋಡಿ ಸೊಂಟಕ್ಕೆ ಕೈಯಿಟ್ಟಳು. "ಪರೀಕ್ಷೆ ಹತ್ರ ಬಂದಾಗ್ಲೇ ಮೂಗು ತೂರಿಸ್ಬೇಕಿತ್ತಾ?"

"ಕೂತ್ಕೊ, ಕೇಳು."

ಕೂತಳು. ಕೇಳಿದಳು. ಮನೆಯ ಹಿಂದಿನ ಖಾಲಿ ಮೈದಾನದಲ್ಲಿ ಎರಡು ಸುತ್ತು ಹಾಕಿದಳು. ಬೆವರಿದ ಕೈಯಲ್ಲಿ ಸ್ಟೀರಿಂಗ್ ಜಾರುತ್ತದೆಂದು ಅವಳು ಗಾಜು ಏರಿಸಿ ಎ.ಸಿ. ಹಾಕಿಕೊಂಡೇ ಓಡಿಸುವವಳು. ನಾನು ತಲೆಯಾಡಿಸುತ್ತ ಹಾಡು ಕೇಳಿದೆ. ಹಿಂದಕ್ಕೆ ತೆಗೆಯುವಾಗಲೂ ಉಸಿರೆತ್ತಲಿಲ್ಲ. ಅವಳು ಎರಡು ಇಟ್ಟಿಗೆಗಳ ನಡುವೆ ಕಾರನ್ನು ನೆಟ್ಟಗೆ ನಿಲ್ಲಿಸಿ ನನ್ನ ಕಡೆ ತಿರುಗಿ, "ರೀ, ಇದನ್ನ ಮದ್ವೆಯಾದ ವರ್ಷವೇ ಹಾಕಿಸಿದ್ರೆ ಏನಾಗ್ತಿತ್ತು?" ಎಂದಳು.

ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಪರೀಕ್ಷೆಯ ದಿನ ಕಾರು ಕಲಿಸುವ ಮೇಡಂ ಪಕ್ಕದಲ್ಲಿ ಕೂತು ಇವಳನ್ನು ಪರೀಕ್ಷೆಯ ಅಂಗಳಕ್ಕೆ ಕರೆತಂದರು. ನನ್ನನ್ನು ಹಿಂದಿನ ಸೀಟಿಗೆ ಹಾಕಿದ್ದರು. ನನ್ನನ್ನು ಇಳಿಸಿ ಬೇಲಿಯ ಆಚೆ ನಿಲ್ಲಿಸುವಾಗ ಮೇಡಂ, "ಯಜಮಾನ್ರೇ, ಇವತ್ತು ಬಾಯಿಗೆ ಕರ್ಚೀಫ್," ಎಂದರು. ನಾನು ನಿಜವಾಗಿಯೂ ಕರ್ಚೀಫು ಕಚ್ಚಿಕೊಂಡೆ.

ಪರೀಕ್ಷೆ ಮಾಡುವ ಸಾಹೇಬರು ಬಂದು ಇವಳ ಪಕ್ಕದಲ್ಲಿ ಕೂತರು. ಗಂಭೀರ ಮನುಷ್ಯ. ಏನೋ ಹೇಳಿದರು. ಕಾರು ಹೊರಡಲಿಲ್ಲ. ಮತ್ತೆ ಏನೋ ಹೇಳಿದರು. ಆಮೇಲೆ ಇಬ್ಬರೂ ಇಳಿದರು. ಇವಳ ಮುಖ ಬಿಳಿಚಿಕೊಂಡಿತ್ತು.

"ಈ ಕಾರಿನ ಯಜಮಾನ್ರು ಯಾರ್ರೀ?"

ನಾನು ಕರ್ಚೀಫು ತೆಗೆದು ಹೋದೆ. ಗಾಜು ಇಳಿಸಿ ಕೈಸನ್ನೆ ತೋರಿಸಮ್ಮ ಎಂದಿದ್ದರಂತೆ. ಇವಳು ಗುಂಡಿ ಒತ್ತಿದಾಗ ಗಾಜು ನಾಲ್ಕು ಬೆರಳು ಇಳಿದು, ಕುಂಯ್ ಎಂದು ನಿಂತಿತಂತೆ. ಗಾಬರಿಯಾಗಿ ಮತ್ತೆ ಮೇಲಕ್ಕೆ ಒತ್ತಿದಾಗ ಗಾಜಿನ ಜೊತೆ ಬಿಳಿಯದೇನೋ ಮೇಲೆ ಬಂದಿದೆ. ನಾನು ನೋಡುವಾಗ ಬಾಗಿಲ ಸಂದಿಯಿಂದ ಒಂದು ಹಿಡಿ ಹತ್ತಿ, ಮುದುಕನ ಕಿವಿಯ ಕೂದಲಿನಂತೆ, ಹೊರಗೆ ಇಣುಕುತ್ತಿತ್ತು. ಸಾಹೇಬರು ಎರಡು ಬೆರಳಲ್ಲಿ ಹಿಡಿದೆಳೆದರು. ಬಂತು. ಮತ್ತೂ ಎಳೆದರು. ಮತ್ತೂ ಬಂತು.

"ಏನಿದು?"

"ಹತ್ತಿ, ಸಾರ್."

"ಅದು ಕಾಣ್ತಿದೆ. ಯಾಕೆ?"

"ಹಾಡಿಗೆ, ಸಾರ್."

ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಕತ್ತು ಚಾಚಿದರು. ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. "ಗಾಜು ಇಳೀದ ಗಾಡೀಲಿ ಟೆಸ್ಟ್ ತಗೊಳ್ಳಕ್ಕಾಗಲ್ಲ. ನಾನು ಊಟಕ್ಕೆ ಏಳೋದ್ರೊಳಗೆ ಸರಿಮಾಡಿ. ಇಲ್ಲಾಂದ್ರೆ ಫೇಲ್ ಅಂತ ಬರೀತೀನಿ," ಎಂದು ಮುಂದಿನವರನ್ನು ಕರೆದರು.

ಇವಳು ನನ್ನನ್ನು ನೋಡಿದಳು. ಅಕ್ಕನ ಮಂಡಿ, ಬಾಡಿಗೆ ಗಾಡಿ, ಮಾರಿಬಿಡೋಣ ಎಂದ ಮಾತು ಎಲ್ಲವೂ ಆ ನೋಟದಲ್ಲಿತ್ತು. ನೆಲ ಬಾಯಿ ಬಿಡಬಾರದೇ ಎನಿಸಿತು. ಮೇಡಂ ತಮ್ಮ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗಿಟ್ಟರು. "ಹಾಕೋವಾಗ ಇದ್ದ ಉತ್ಸಾಹ ತೆಗೆಯೋವಾಗ್ಲೂ ಇರ್ಲಿ."

ಬಿಚ್ಚಿದೆ. ಸ್ಕ್ರೂಗಳು ಕಾಣದೆ ಬೆರಳಲ್ಲೇ ತಡವಿ ಹುಡುಕಿದೆ. ಹಲಗೆ ಕಳಚಿ ಹತ್ತಿಗೆ ಕೈ ಹಾಕಿ ಜಗ್ಗಿದರೆ ಹಿಡಿಯಷ್ಟು ಮಾತ್ರ ಕಿತ್ತು ಬರುತ್ತಿತ್ತು, ಉಳಿದದ್ದು ಒಳಗೇ ಗಟ್ಟಿಯಾಗಿ ಕೂತಿತ್ತು. ನನ್ನ ಕೆಲಸದ ಅಚ್ಚುಕಟ್ಟುತನವನ್ನು ನಾನೇ ಶಪಿಸಿದ್ದು ಅದೇ ಮೊದಲು. ಇವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರಿ ಆಕಡೆ," ಎಂದಳು. ಹಳೇ ಹಾಸಿಗೆ ಬಿಚ್ಚುವಾಗ ಮಾಡುತ್ತಿದ್ದಂತೆ ತೂತಿನೊಳಗೆ ಬೆರಳು ಹಾಕಿ, ಹತ್ತಿಯನ್ನು ತಿರುವಿ ತಿರುವಿ ಹಗ್ಗದಂತೆ ಹೊಸೆದು ಹೊರಗೆಳೆದಳು. ಅದು ಹರಿಯದೆ ಮಾರುದ್ದ ಬಂತು.

"ಹಿಡ್ಕೊಳ್ಳಿ, ಎಳೀರಿ."

ಹಿಡಿದು ಎಳೆಯುತ್ತ ಹಿಂದೆ ಹಿಂದೆ ನಡೆದೆ. ಗಾಳಿ ಬೀಸಿತು. ಅಂಗಳದ ತುಂಬ ಹತ್ತಿ ಹಾರಾಡಿತು. ಸಾಲಿನಲ್ಲಿದ್ದವರ ತಲೆಯ ಮೇಲೆ, ಬಿಳಿ ಗೆರೆಗಳ ಮೇಲೆ, ಸಾಹೇಬರ ಮೀಸೆಯ ಮೇಲೂ. ಒಬ್ಬಾಕೆ, "ತಾತ, ನಮ್ಮನೇಗೂ ಒಂದು ದಿಂಬು ಮಾಡ್ಕೊಡಿ," ಎಂದಳು. ಇನ್ನೊಬ್ಬ ಬಂದು ಪಕ್ಕದ ಬಾಗಿಲ ಹತ್ತಿ ಎಳೆಯಲು ಕೈ ಕೊಟ್ಟ. ಇವಳು ತಲೆ ಎತ್ತಲಿಲ್ಲ. ಬೆರಳು ಮಾತ್ರ ಆಡುತ್ತಿತ್ತು.

ಕೊನೆಗೆ ಗುಂಡಿ ಒತ್ತಿದಳು. ಗಾಜು ಸೊಂಯ್ ಎಂದು ಪೂರ್ತಿ ಇಳಿಯಿತು. ಸಾಹೇಬರು ಗಡಿಯಾರ ನೋಡಿದರು, ಊಟದ ಡಬ್ಬಿ ನೋಡಿದರು, ನಿಟ್ಟುಸಿರು ಬಿಟ್ಟು ಬಂದು ಕೂತರು.

ಹಲಗೆ ಕೂರಿಸಲು ಹೊತ್ತಿರಲಿಲ್ಲ. ಬೆತ್ತಲೆ ಬಾಗಿಲು, ವೈರಿನಲ್ಲಿ ನೇತಾಡುವ ಸ್ಪೀಕರು, ಹಾಗೆಯೇ ಹೊರಟಳು. ನಾನು ಎರಡು ಹಲಗೆಗಳನ್ನು ಎದೆಗೆ ಅವುಚಿಕೊಂಡು ಬೇಲಿಯ ಬಳಿ ನಿಂತೆ. ಏರಿನಲ್ಲಿ ನಿಲ್ಲಿಸಿದಳು, ಹಿಂದೆ ಜಾರದಂತೆ ಮತ್ತೆ ಮುಂದಕ್ಕೆ ತೆಗೆದಳು. ತಿರುವಿನಲ್ಲಿ ಕೈ ಹೊರಚಾಚಿ ಸನ್ನೆ ಮಾಡಿದಳು. ಆಮೇಲೆ ಹಿಂದಕ್ಕೆ. ಕಂಬ ಅಲ್ಲೇ ಇತ್ತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಾರು ಗೆರೆಗಳ ನಡುವೆ ನಿಂತಿತ್ತು, ಸಾಹೇಬರು ಬರೆಯುತ್ತಿದ್ದರು.

"ಪಾಸು," ಎಂದರು ಇಳಿದು. ಆಮೇಲೆ ನನ್ನ ಕಡೆ ತಿರುಗಿ, "ನೀವು ಈ ಅಂಗಳ ಗುಡಿಸದೆ ಹೋಗೋ ಹಾಗಿಲ್ಲ," ಎಂದರು.

ಇವಳು ಕಾಗದ ಇಸಿದುಕೊಂಡು ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನ್ನ ಕಣ್ಣಿಗೆ ತಿಳಿಯಲಿಲ್ಲ. ನನ್ನ ಕೂದಲಿನಿಂದ ಹತ್ತಿಯ ಎಳೆಯೊಂದನ್ನು ತೆಗೆದು ಊದಿದಳು.

"ಇವತ್ತೇ ಓಡಿಸ್ಬಹುದಂತೆ ರೀ. ಅಕ್ಕನಿಗೆ ಇವತ್ತು ಆಸ್ಪತ್ರೆ ದಿನ."

"ನಡಿ, ನಾನೂ ಬರ್ತೀನಿ."

"ನೀವೆಲ್ಲಿ ಬರ್ತೀರಿ? ಗುಡಿಸಿ. ಮೇಡಂ ಬಸ್ ಹತ್ತಿಸ್ತಾರೆ."

"ಒಬ್ಳೇ?"

ಅವಳು ಹೋಗಿ ಸ್ಟೀರಿಂಗ್ ಮುಂದೆ ಕೂತಳು. ಪಕ್ಕದ ಸೀಟನ್ನು ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟೂ ತಳ್ಳಿದಳು. ಕಾವಲುಗಾರ ನನ್ನ ಕೈಗೆ ಪೊರಕೆ ಕೊಟ್ಟ. ಗೇಟಿನ ಬಳಿ ಕಾರು ನಿಂತಿತು, ರಸ್ತೆಯಲ್ಲೊಂದು ಲಾರಿ ಹಾದುಹೋಯಿತು. ಬಲಗಡೆಯ ಸೂಚನೆಯ ದೀಪ ಹತ್ತಿ ಆರುತ್ತಿದ್ದರೂ ಸಾಲದೆಂಬಂತೆ ಅವಳ ಕೈ ತೆರೆದ ಕಿಟಕಿಯಿಂದ ಪೂರ್ತಿ ಹೊರಗೆ ಬಂತು. ಬಳೆಗಳು ಮೊಣಕೈಯತ್ತ ಸರಿದವು. ಕೈ ನೆಟ್ಟಗಿತ್ತು, ನಡುಗಲಿಲ್ಲ.

ಕಾರು ತಿರುಗಿ ಮರೆಯಾಯಿತು. "ತಾತ, ಆ ಮೂಲೇಲಿ ಇನ್ನೂ ಇದೆ," ಎಂದ ಕಾವಲುಗಾರ. ನಾನು ಬಗ್ಗಿದೆ.