ಒಡೆದ ಎಂಜಿನ್ನಿನ ಬೆಲೆ

ಕಬ್ಬಿಣದ ಮೇಲೆ ಒತ್ತಿದ ನಾಲ್ಕಾರು ಅಂಕಿಗಳನ್ನು ತಿದ್ದಿದರೆ ಅದು ಸುಳ್ಳಾಗುತ್ತದೆಯೇ? ಹಲ್ಲು ಕಟ್ಟಿಸಿಕೊಂಡವನನ್ನು ಯಾರೂ ಮೋಸಗಾರ ಎನ್ನುವುದಿಲ್ಲವಲ್ಲ. ವುಡ್‌ವರ್ಡ್ ರಸ್ತೆಯಂಚಿನ ಹುಲ್ಲಿನಲ್ಲಿ ಮಡಚುಕುರ್ಚಿ ಹಾಕಿಕೊಂಡು ಕುಳಿತ ರೂಫಸ್ ಬೆಳಗಿನಿಂದ ಇದನ್ನೇ ಮೆಲುಕು ಹಾಕುತ್ತಿದ್ದ.

ಆಗಸ್ಟಿನ ಈ ಶನಿವಾರ ಡೆಟ್ರಾಯಿಟ್ ಸೀಮೆಯ ಹಳೆಯ ಕಾರುಗಳೆಲ್ಲ ರಸ್ತೆಗಿಳಿಯುತ್ತವೆ. ಪ್ರತಿಯೊಂದರ ಮುಂದೆಯೂ ಒಂದು ಹಲಗೆ: ಯಾವುದು ಕಾರ್ಖಾನೆಯಿಂದಲೇ ಬಂದದ್ದು, ಯಾವುದು ಆಮೇಲೆ ಹಾಕಿಸಿದ್ದು. ರೂಫಸನ ಕಾರು 1970ರ ಮಾಡೆಲಿನದು, ಭಾರೀ ಎಂಜಿನ್ನಿನ ಕಿತ್ತಳೆ ಬಣ್ಣದ ಮಸಲ್ ಕಾರು; ಅದರ ಹಲಗೆಯ ಮೇಲೆ ‘ಎಂಜಿನ್ ಮೂಲದ್ದಲ್ಲ’ ಎಂದಿತ್ತು.

“ಆ ಹಲಗೆ ತೆಗೀರಿ ಸಾರ್,” ಎಂದು ಬೆಳಗಿನ ಮಾತನ್ನೇ ಮತ್ತೆ ಹೇಳಿದ ಹಳೆ ಕಾರುಗಳ ವ್ಯಾಪಾರಿ ಗ್ಯಾರೆಟ್, ಬಾನೆಟ್ಟಿನೊಳಗಿಂದ ತಲೆಯೆತ್ತಿ. “ಎಂಜಿನ್ ನಂಬರಿಗೂ ಬಾಡಿ ನಂಬರಿಗೂ ತಾಳೆಯಾದ್ರೆ ಬೆಲೆ ದುಪ್ಪಟ್ಟು. ಅಂಕಿ ಒತ್ತಿಕೊಡೋರು ನನಗೆ ಗೊತ್ತು. ಎಪ್ಪತ್ತಮೂರರಲ್ಲಿ ಎಂಜಿನ್ ಒಡೀಲೇ ಇಲ್ಲ ಅಂದ್ಕೊಳ್ಳಿ, ಸಾಕು.”

ಪಕ್ಕದ ಕುರ್ಚಿಯ ಓಟಿಸ್ ನಕ್ಕ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಗಿಲು ಜೋಡಿಸಿದವರು. “ಒಡೀಲಿಲ್ಲ ಅಂದ್ರೆ ಇವನ ಗತಿಯೇನಯ್ಯಾ? ಇದೇ ರಸ್ತೇಲಿ ರೇಸ್ ಗೆದ್ದು ಎಂಜಿನ್ ಒಡೆದೆ ಅನ್ನೋದೊಂದೇ ಇವನ ಬಂಡವಾಳ.”

ರೂಫಸನ ಹೆಂಡತಿ ವರ್ನೀಸ್ ಕೋಳಿ ತೊಡೆಯ ಡಬ್ಬಿಯ ಮುಚ್ಚಳ ಹಾಕಿದಳು.

“ಮಾರೋದಾದ್ರೆ ಮಾರು ರೂಫಸ್. ಒಡೀಲೇ ಇಲ್ಲ ಅಂತ ಮಾತ್ರ ಹೇಳ್ಬೇಡ.”

“ಅಮ್ಮ, ಒಡೆದ ಕಥೆಗೆ ಯಾರೂ ದುಡ್ಡು ಕೊಡಲ್ಲ,” ಎಂದ ಗ್ಯಾರೆಟ್.

“ನಿನ್ನ ಹತ್ರ ಯಾರಪ್ಪ ದುಡ್ಡು ಕೇಳಿದ್ರು?”

ಅವಳು ಗಂಡನತ್ತ ನೋಡಲಿಲ್ಲ, ಕಾರಿನತ್ತ ನೋಡುತ್ತಿದ್ದಳು. ಆ ನೋಟ ರೂಫಸನನ್ನು ಚುಚ್ಚಿತು. ಅಂಕಿ ತಿದ್ದಿದರೆ ಅಳಿಸಿಹೋಗುವ ಆ ರೇಸಿನ ರಾತ್ರಿ ತನ್ನದಲ್ಲ. ಅವನು ಎದ್ದು, ಬಾನೆಟ್ಟನ್ನು ಗ್ಯಾರೆಟ್‌ನ ಬೆರಳು ಸಿಕ್ಕೀತೆಂಬುದನ್ನೂ ಲೆಕ್ಕಿಸದೆ ದಡಾರನೆ ಮುಚ್ಚಿದ. ಓಟಿಸನ ಜೇಬಿನಿಂದ ಪೆನ್ನು ಕಿತ್ತುಕೊಂಡು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ: ‘ಮೂಲ ಎಂಜಿನ್ ಗೆದ್ದು ಒಡೆಯಿತು. ಓಡಿಸಿದವಳು ವರ್ನೀಸ್.’

ಓಟಿಸ್ ಓದಿದ, ಮತ್ತೆ ಓದಿದ.

“ಐವತ್ತು ವರ್ಷ ಆ ಗೆಲುವಿನ ಹೆಸರಲ್ಲಿ ನನ್ನ ದುಡ್ಡಲ್ಲಿ ಬಿಯರ್ ಕುಡಿದ್ಯಲ್ಲೋ.”

“ಅವಳಿಗೆ ಕೊಡಿಸು ಇನ್ಮೇಲೆ.”

“ನಮ್ಮಪ್ಪಂಗೆ ಗೊತ್ತಾಗಿದ್ರೆ ಚರ್ಮ ಸುಲೀತಿದ್ದ ಓಟಿಸ್,” ಎಂದಳು ವರ್ನೀಸ್. “ಅದಕ್ಕೇ ಇವನು ತನ್ನ ಮೇಲೆ ಹಾಕ್ಕೊಂಡ.”

ಗ್ಯಾರೆಟ್ ಬೆರಳು ಒರೆಸಿಕೊಂಡ. “ಈ ಹಲಗೆ ಇಟ್ಕೊಂಡ್ರೆ ಅರ್ಧ ಬೆಲೆಗೂ ಕಷ್ಟ.”

“ಅರ್ಧಕ್ಕೂ ಇಲ್ಲ, ಪೂರ್ತಿಗೂ ಇಲ್ಲ,” ಎಂದ ರೂಫಸ್. “ ಈ ಕಾರಿಗೆ ಬೆಲೆ ಕಟ್ಟೋದಕ್ಕೆ ನೀನು ಆ ರಾತ್ರಿ ಇಲ್ಲಿ ನಿಂತಿರ್ಬೇಕಿತ್ತು. ಹೋಗಪ್ಪ, ಬಿಸಿಲು ಜಾಸ್ತಿಯಾಗ್ತಿದೆ.”

ಗ್ಯಾರೆಟ್ ಹೆಗಲು ಕುಣಿಸಿ ಮುಂದಿನ ಕಾರಿನತ್ತ ನಡೆದ. ವರ್ನೀಸ್ ಕೈ ಚಾಚಿದಳು. ರೂಫಸ್ ಕೀಲಿ ಕೊಟ್ಟ. ಎಂಜಿನ್ ಗುಡುಗಿದಾಗ ಆಚೆಬದಿಯಲ್ಲಿ ಕುಳಿತವರೆಲ್ಲ ತಿರುಗಿದರು. ಅವಳು ಕಿಟಕಿಯಿಂದ ಬಾಗಿ, ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದಳು: “ನನಗೋಸ್ಕರ ಇಷ್ಟು ವರ್ಷ ನೀನು ಬಾಯಿ ಮುಚ್ಕೊಂಡಿದ್ದೆ, ಪಾಪ.”

ರೂಫಸ್ ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲೆಳೆದುಕೊಂಡ. ಅವಳ ಅಪ್ಪ ತೀರಿಕೊಂಡು ನಲವತ್ತು ವರ್ಷಗಳ ಮೇಲಾಗಿತ್ತು. ಅಂದಿನಿಂದ ಇಂದಿನವರೆಗೆ ಆ ಗೆಲುವನ್ನು ತನ್ನದೆಂದು ಇಟ್ಟುಕೊಂಡದ್ದು ತನಗೆ ಹಿತವಾಗಿತ್ತು ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.