ಹಣೆಗಷ್ಟೇ ಚಹಾ

ದಕ್ಷಿಣಾಮೂರ್ತಿಯವರಿಗೆ ಸಕ್ಕರೆ ಹಾಕಿದ ಕಾಫಿ ಸಿಗಬೇಕಾದರೆ ಬೆಳಿಗ್ಗೆ ನಲವತ್ತು ನಿಮಿಷ ನಡೆಯಬೇಕು. ಇದು ಹೆಂಡತಿ ಮನೋರಮಾ ಹೊರಡಿಸಿದ ಆದೇಶ, ಮೇಲ್ಮನವಿಗೆ ಅವಕಾಶವಿಲ್ಲ. ನಡೆದದ್ದಕ್ಕೆ ಪುರಾವೆ? ಕೋವಿಡ್ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಾಮೀಟರು ಇತ್ತಲ್ಲ. ಮೈ ಬಿಸಿಯಾಗದೆ ಅದೆಂಥ ನಡಿಗೆ ಎಂದು ಆಕೆ ಬಾಗಿಲಲ್ಲೇ ಹಿಡಿದು ನೋಡುತ್ತಿದ್ದರು.

ಸಾಹೇಬರು ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್. ಕೇಳದ ಪ್ರಶ್ನೆಗೆ ಫೈಲಿನಲ್ಲಿ ಉತ್ತರ ಬರೆಯಬೇಡಿ ಎಂದು ಕೈಕೆಳಗಿನವರಿಗೆಲ್ಲ ಪಾಠ ಹೇಳಿದವರು. ಅಂಥವರಿಗೆ ಥರ್ಮಾಮೀಟರು ಯಾವ ಲೆಕ್ಕ? ರಾಜಧಾನಿಯ ಕಿದ್ವಾಯಿ ನಗರದಲ್ಲಿ ತಮ್ಮ ಸರ್ಕಾರಿ ಕ್ವಾರ್ಟರ್ಸಿನ ಗೇಟಿನಾಚೆ ಚಹಾ ಅಂಗಡಿಯಲ್ಲಿ ಕೂತು ಪೇಪರು ಮುಗಿಸುವುದು, "ಭಯ್ಯಾ, ಏಕ್‌ದಮ್ ಗರಮ್" ಎಂದು ಒಂದು ಕಪ್ಪು ಕಟ್ಟಿಸಿಕೊಂಡು ಲಿಫ್ಟಿನಲ್ಲಿ ಹಣೆಗೆ ಒತ್ತಿಕೊಳ್ಳುವುದು. ಅದನ್ನು ಕುಡಿಯುತ್ತಿರಲಿಲ್ಲ. ಹಾಸನದ ಕಾಫಿ ನಾಲಿಗೆ, ಚಹಾ ಹಣೆಗೆ ಮಾತ್ರ.

ಹನ್ನೆರಡು ದಿನ ಹೀಗೇ ಸಾಗಿತು. ಹನ್ನೆರಡು ದಿನವೂ ಕಾಫಿಗೆ ಎರಡು ಚಮಚ ಸಕ್ಕರೆ ಬಿತ್ತು.

ಹದಿಮೂರನೆಯ ದಿನ ಅಂಗಡಿ ಮುಚ್ಚಿತ್ತು. ಭಯ್ಯಾ ಊರಿಗೆ ಹೋಗಿದ್ದ. ಬೇರೆ ದಾರಿ ಕಾಣದೆ ಸಾಹೇಬರು ನಿಜವಾಗಿಯೂ ನಡೆದರು, ನವೆಂಬರಿನ ಗಾಳಿಗೆ ಎದುರಾಗಿ ಬಿರಬಿರನೆ ನಲವತ್ತು ನಿಮಿಷ. ಬೆವರಿಳಿಯಿತು, ಕಾಲು ಸೋತವು. ಇವತ್ತು ಯಾರ ಭಯ ಎಂದು ಎದೆಯುಬ್ಬಿಸಿ ಬಾಗಿಲಲ್ಲಿ ನಿಂತರು.

ಥರ್ಮಾಮೀಟರು ಪೀಂ ಎಂದಿತು. ದಿನಾ ತೊಂಬತ್ತೊಂಬತ್ತು ತೋರಿಸುತ್ತಿದ್ದದ್ದು ಇವತ್ತು ತೊಂಬತ್ನಾಲ್ಕು. ಮನೋರಮಾ ಹುಬ್ಬು ಗಂಟಿಕ್ಕಿ ಬ್ಯಾಟರಿ ತೆಗೆದು ನೋಡಿದರು, ಅಷ್ಟೆ.

ಸಾಹೇಬರು ತಾವಾಗಿಯೇ ಶುರುಮಾಡಿದರು. "ದೇವರಾಣೆ ಇವತ್ತು ನಡೆದಿದ್ದೀನಿ ಕಣೇ. ಇಷ್ಟು ದಿನ ಚಹಾ ಕಪ್ಪು ಹಣೆಗೆ ಒತ್ಕೊಂಡು ಬರ್ತಿದ್ದೆ, ಒಪ್ಕೋತೀನಿ. ಇವತ್ತು ಮಾತ್ರ ನಿಜ."

"ಯಾವ ಕಪ್ಪು ರೀ?" ಎಂದರು ಮನೋರಮಾ.

ಫಿಸಿಯೋಥೆರಪಿ ಓದುತ್ತಿದ್ದ ಮಗಳು ಅಪೂರ್ವಾ ಕೋಣೆಯಿಂದ ಇಣುಕಿದಳು. "ಅರೇ ಅಮ್ಮಾ, ನಡೆಯೋವಾಗ ರಕ್ತ ಕಾಲಿನ ಕಡೆ ಹೋಗತ್ತೆ, ಬೆವರು ಬೇರೆ ಆರತ್ತೆ. ಹಣೆ ಥಂಡಾನೇ ಆಗೋದು. ನಿಂತಮೇಲೆ ಬಿಸಿ ಏರತ್ತೆ. ಹತ್ತು ನಿಮಿಷ ಬಿಟ್ಟು ನೋಡು."

ನೋಡಿದರು. ತೊಂಬತ್ತೇಳು. ನಡಿಗೆ ರುಜುವಾತಾಯಿತು. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತಲ್ಲ ಎಂದು ಸಾಹೇಬರು ಹಣೆ ಬಡಿದುಕೊಂಡರು.

ಕಾಫಿ ಬಂತು. ಎರಡು ಚಮಚ ಸಕ್ಕರೆ. ಮಾತಿಗೆ ತಪ್ಪುವ ಹೆಂಗಸಲ್ಲ ಮನೋರಮಾ. ಸಾಹೇಬರು ಕೈ ಚಾಚಿದರು. ಆಕೆ ಲೋಟವನ್ನು ಕೈಗೆ ಕೊಡದೆ ಮೆಲ್ಲಗೆ ಅವರ ಹಣೆಗೆ ಒತ್ತಿ ಹಿಡಿದರು.

"ನಿಮಗೆ ಹಣೆಗಾದ್ರೆ ಸಾಕಲ್ವಾ ರೀ," ಎಂದು ಅಲ್ಲೇ ಕುರ್ಚಿ ಎಳೆದುಕೊಂಡು, ಆ ಕಾಫಿಯನ್ನು ತಾವೇ ಕುಡಿದರು.