ಎಡಮಗ್ಗುಲು

"ಅಲ್ಲಾಡಬೇಡ್ವೇ. ಹೆರೋರೇ ಇಷ್ಟು ಒದ್ದಾಡಲ್ಲ," ಎಂದರು ಅತ್ತೆ.

ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ತಲೆ ಕೆಳಗೆ, ಕಾಲು ಮೇಲೆ. ಸೊಸೆ ಗೋಡೆಗೆ ಮುಖ ಮಾಡಿ ಎಡಮಗ್ಗುಲಾಗಿ ಮಲಗಿದ್ದಳು. ಅರ್ಧ ಗಂಟೆ ಹಿಂದೆ ಕುಡಿದ ಅರ್ಧ ಲೀಟರ್ ನೀರು ಗಂಟಲಿಗೇ ವಾಪಸು ಬಂದಂತಿತ್ತು. ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತ ಅತ್ತೆ ಅಂಗೈ ಕುಳಿ ಮಾಡಿಕೊಂಡು ತಟ್ಟುತ್ತಿದ್ದರು. ಎಡಪಕ್ಕೆ ಹಾಸಿಗೆಗೆ ಒತ್ತಿಕೊಂಡಿದ್ದರಿಂದ ಕೈ ಸರಿಯಾಗಿ ಎಟುಕದೆ ಬೆನ್ನ ಮೇಲೇ ಬೀಳುತ್ತಿತ್ತು.

ಅವಳ ಎಡ ಕಿಡ್ನಿಯ ಕಲ್ಲನ್ನು ಆಸ್ಪತ್ರೆಯಲ್ಲಿ ಹೊರಗಿನಿಂದಲೇ ಪುಡಿ ಮಾಡಿದ್ದರು. ಆ ಪುಡಿ ಕರಗದ ಸಕ್ಕರೆಯ ಹಾಗೆ ತಳದಲ್ಲಿ ಕೂತುಬಿಟ್ಟಿತ್ತು. "ತಲೆ ಕೆಳಗೆ ಮಾಡಿ ಮಲಗಿ, ಯಾರ ಕೈಲಾದ್ರೂ ತಟ್ಟಿಸ್ಕೊಳ್ಳಿ. ಸೋಮವಾರದ ಸ್ಕ್ಯಾನಿಂಗಲ್ಲೂ ಅಲ್ಲೇ ಇದ್ರೆ ಬೆನ್ನಿಗೆ ತೂತು ಮಾಡಿ ತೆಗೀಬೇಕಾಗುತ್ತೆ," ಎಂದಿದ್ದರು ಡಾಕ್ಟರು. ಆಮೇಲೆ ಒಂದು ತಿಂಗಳು ಹೊಲಿಗೆ ಯಂತ್ರ ತುಳಿಯುವಂತಿಲ್ಲ. ಶಾಲೆ ಶುರುವಾಗುವ ಮುಂಚೆ ಕೊಡಬೇಕಾದ ಅರವತ್ತು ಸಮವಸ್ತ್ರಗಳು ಕತ್ತರಿಸಿದ ಹಾಗೇ ಮೂಲೆಯಲ್ಲಿದ್ದವು.

ಇವತ್ತು ಶನಿವಾರ. ಐದು ದಿನದಿಂದ ಮೂತ್ರ ಸೋಸಿದ ತೆಳುಬಟ್ಟೆಯಲ್ಲಿ ಒಂದು ಕಣವೂ ಸಿಕ್ಕಿರಲಿಲ್ಲ.

ಯಾಕೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಹುಡುಗಿ ಮಲಗಿಸಿ ತೋರಿಸಿದ್ದು ಬಲಮಗ್ಗುಲಿಗೆ. ಕಲ್ಲಿರುವ ಕಡೆ ಮೇಲೆ ಬರಬೇಕು. ಮೊದಲ ದಿನ ಅವಳು ಹಾಗೆ ಮಲಗಹೊರಟಾಗ ಅತ್ತೆ ಭುಜ ಹಿಡಿದು ಹೊರಳಿಸಿಬಿಟ್ಟಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದವರು; ಬಸುರಿಯರನ್ನು ಎಡಕ್ಕೇ ಮಲಗಿಸಿ ಪಳಗಿದ ಕೈ. "ಬಲಕ್ಕೆ ಅಂದಿದ್ರು..." ಎಂದು ಅವಳು ರಾಗ ಎಳೆದರೆ, "ನಿನ್ನ ಡಾಕ್ಟ್ರೂ ಈ ಕೈಗೇ ಹುಟ್ಟಿರ್ತಾನೆ, ಸುಮ್ನಿರು," ಎಂದು ನಕ್ಕಿದ್ದರು.

ಅವಳೂ ನಕ್ಕು ಸುಮ್ಮನಾಗಿದ್ದಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಅದೇನು ಹೊಸದಾಗಿರಲಿಲ್ಲ. ಹೊಸದು ಆ ಕೈ. ಅತ್ತೆಯ ಕೈ ಅವಳ ಮೈಮೇಲೆ ಇಷ್ಟು ಹೊತ್ತು ಇದ್ದದ್ದು ಇದೇ ಮೊದಲು. ತಪ್ಪು ಎಂದರೆ ಎಲ್ಲಿ ಹಿಂದೆ ಸರಿದುಬಿಡುತ್ತದೋ ಎಂಬ ಅಳುಕಿಗೆ ಐದು ದಿನ ಕಳೆದುಹೋಗಿದ್ದವು.

"ಅತ್ತೆ," ಎಂದಳು ಗೋಡೆಗೆ. "ನಾನು ಆಚೆ ತಿರುಗ್ತೀನಿ."

"ಯಾಕೆ, ನೋವಾ?"

"ನೋವಲ್ಲ. ಇದು ತಪ್ಪು ಮಗ್ಗುಲು. ಮೊದಲ ದಿನದಿಂದ್ಲೂ."

ಕೈ ನಿಂತಿತು. ಅವಳು ಕತ್ತು ಹೊರಳಿಸಿ ನೋಡಿದಳು. ಅತ್ತೆ ಅಂಗೈಯನ್ನು ಬಟ್ಟಲಿನಂತೆ ಹಿಡಿದು, ಅದರೊಳಗಿನ ಪುಡಿ ಯಾವ ಕಡೆ ಜಾರೀತೆಂದು ನೋಡುವಂತೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿಸುತ್ತಿದ್ದರು.

"ಹೌದಲ್ಲೇ!" ಎಂದರು. "ಎಡಕ್ಕೆ ಅನ್ನೋದು ಬಸುರಿಯರಿಗೆ. ನಿನ್ನ ಹೊಟ್ಟೇಲೇನು ಮಗು ಇದ್ಯಾ? ಐದು ದಿನ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯೇನೇ?"

"ನೀವೇ ಹಾಕಿದ್ದು."

ಅಂದುಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಲ್ಲಿಯ ಸದ್ದು, ಪಾತ್ರೆಯ ಸದ್ದು. ಮುಗಿಯಿತು, ಇನ್ನು ತಟ್ಟುವವರಿಲ್ಲ ಎಂದುಕೊಳ್ಳುವಷ್ಟರಲ್ಲಿ ನೀರಿನ ಜಗ್ಗು ಹಿಡಿದು ಬಂದರು.

"ಏಳು. ಮೊದಲಿಂದ ಶುರು ಮಾಡೋಣ. ಕುಡಿ."

ನೀರು ಇಳಿಯಲೆಂದು ಅರ್ಧ ಗಂಟೆ ಕಾದರು. ಆಮೇಲೆ ಅವಳು ಬಲಕ್ಕೆ ಹೊರಳಿ ಮಲಗಿದಳು. ಈಗ ಕಣ್ಣೆದುರು ಗೋಡೆಯಿರಲಿಲ್ಲ. ಅತ್ತೆಯ ಸೀರೆಯ ಮಡಿಕೆ, ಮೇಲೆ ಅಡ್ಡಡ್ಡ ಕಾಣುವ ಅವರ ಮುಖ. ಕೈ ನೆಟ್ಟಗೆ ಪಕ್ಕೆಯ ಮೇಲೇ ಬಿತ್ತು.

"ಜೋರಾಯ್ತಾ?"

"ಇಲ್ಲ. ಸ್ವಲ್ಪ ಕೆಳಗೆ."

"ಇಲ್ಲಿಯಾ?"

"ಹ್ಞೂಂ, ಅಲ್ಲೇ."

ಭಾನುವಾರ ಮಧ್ಯಾಹ್ನ ಬಚ್ಚಲಿನಿಂದ ಅವಳು ಕೂಗಿದ ರಭಸಕ್ಕೆ ಅತ್ತೆ ಒದ್ದೆಗೈಯಲ್ಲೇ ಓಡಿಬಂದರು. ಬಟ್ಟೆಯನ್ನು ಕೋಣೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಕಂದು ಮರಳಿನಂಥ ಕಣಗಳು.

"ಎರಡು," ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು. "ಅಲ್ಲ, ತಾಳು. ಮೂರು."

ಮೇಲೆ ಫ್ಯಾನು ತಿರುಗುತ್ತಿತ್ತು. ಅದನ್ನು ಆರಿಸಲು ಇಬ್ಬರೂ ಹೋಗಲಿಲ್ಲ. ಅವಳು ಬಟ್ಟೆಯ ಅಂಚುಗಳನ್ನು ಬಿಗಿಯಾಗಿ ಹಿಡಿದು ನಿಂತಳು. ಅತ್ತೆ ಎರಡೂ ಕೈಗಳನ್ನು ಗಾಳಿಗೆ ಅಡ್ಡ ಹಿಡಿದರು.